ಔಷಧಕ್ಕೆ ಬಗ್ಗದ ಜೀವಕೋಶಗಳೊಂದಿಗೆ ಹತ್ತು ತಿಂಗಳು

ಮೂತ್ರಕೋಶದ ಕ್ಯಾನ್ಸರ್‌ಗೆ ಸಿಸ್ಪ್ಲಾಟಿನ್ ಕೊಟ್ಟಾಗ ಗೆಡ್ಡೆ ಮೊದಲು ಕರಗುತ್ತದೆ. ಎಷ್ಟೋ ರೋಗಿಗಳಲ್ಲಿ ಅದು ಮತ್ತೆ ಬೆಳೆಯುತ್ತದೆ, ಆಗ ಅದೇ ಔಷಧಕ್ಕೆ ಜಗ್ಗುವುದಿಲ್ಲ. ಏಕೆಂದು ನೋಡಲು ಅಂಥ ಹಟಮಾರಿ ಜೀವಕೋಶಗಳನ್ನು ಮೊದಲು ಫ್ಲಾಸ್ಕಿನಲ್ಲಿ ಬೆಳೆಸಿಕೊಳ್ಳಬೇಕು. ನಾನು ಹಿಡಿದದ್ದು ಟಿ-24 ಜೀವಕೋಶಗಳನ್ನು. ಸ್ವೀಡನ್ನಿನ ವೃದ್ಧೆಯೊಬ್ಬರ ಗೆಡ್ಡೆಯಿಂದ ಬಂದ ಈ ಸಂತತಿ ಅರ್ಧ ಶತಮಾನದಿಂದ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಲೇ ಇದೆ.

ಸಿಸ್ಪ್ಲಾಟಿನ್ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದೆ. ಎರಡೇ ತಿಂಗಳಲ್ಲಿ ನನ್ನ ಜೀವಕೋಶಗಳು ದೊಡ್ಡ ಪ್ರಮಾಣವನ್ನೂ ತಡೆದುಕೊಂಡವು. ಸಂಭ್ರಮದಿಂದ ನಮ್ಮ ಪ್ರಯೋಗಾಲಯದ ಮೇಡಂಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಔಷಧವನ್ನು ಯಾವುದರಲ್ಲಿ ಕರಗಿಸಿದ್ದೀರಿ?" ಡಿಎಂಎಸ್ಒ ಎಂಬ ದ್ರಾವಕದಲ್ಲಿ ಎಂದೆ. ಅವರು ಫ್ಲಾಸ್ಕನ್ನು ಮೆಲ್ಲಗೆ ಕೆಳಗಿಟ್ಟರು.

ಸಿಸ್ಪ್ಲಾಟಿನ್‌ನ ಪ್ಲಾಟಿನಂಗೆ ಎರಡು ಕ್ಲೋರೈಡ್‌ಗಳು ಅಂಟಿಕೊಂಡಿರುತ್ತವೆ. ಕ್ಲೋರೈಡ್ ಕಡಿಮೆ ಇರುವ ಜೀವಕೋಶದೊಳಗೆ ಅವು ಕಳಚಿದಾಗಲೇ ಔಷಧ ಡಿಎನ್‌ಎಯನ್ನು ಹಿಡಿಯುವುದು. ಡಿಎಂಎಸ್ಒನಲ್ಲಿ ಕರಗಿಸಿದರೆ ಆ ದ್ರಾವಕವೇ ಕ್ಲೋರೈಡ್‌ನ ಜಾಗಕ್ಕೆ ಬಂದು ಕುಳಿತು ಔಷಧದ ಶಕ್ತಿಯನ್ನು ಕುಂದಿಸುತ್ತದೆ. ನನ್ನ ಜೀವಕೋಶಗಳು ಏನನ್ನೂ ಗೆದ್ದಿರಲಿಲ್ಲ. ನಾನು ಹಾಕುತ್ತಿದ್ದ ಔಷಧವೇ ಸತ್ತಿತ್ತು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ 0.9 ಶೇಕಡಾ ಸಲೈನ್‌ನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂನಂತೆ ಕರಗಿಸಿ, ಬೆಳಕು ತಾಗದಂತೆ ಫಾಯಿಲ್ ಸುತ್ತಿದೆ. ಫ್ರಿಜ್ಜಿನಲ್ಲಿ ಇಡಲಿಲ್ಲ, ಇಟ್ಟರೆ ಹರಳುಗಟ್ಟುತ್ತದೆ. ಅರ್ಧದಷ್ಟು ಜೀವಕೋಶಗಳನ್ನು ಕೊಲ್ಲುವ ಪ್ರಮಾಣದ ಹತ್ತನೇ ಒಂದು ಭಾಗದಿಂದ ಆರಂಭ. 72 ಗಂಟೆ ಔಷಧ, ನಂತರ ಚೇತರಿಸಿಕೊಳ್ಳುವವರೆಗೆ ಬಿಡುವು. ಪಕ್ಕದಲ್ಲಿ ಬರೀ ಸಲೈನ್ ಹಾಕಿದ ಜೋಡಿ ಫ್ಲಾಸ್ಕ್. ಇದನ್ನು ಯಾರೂ ಬಿಡಬಾರದು. ತಿಂಗಳುಗಟ್ಟಲೆ ಬೆಳೆಸಿದ್ದರಿಂದಲೇ ಆದ ಬದಲಾವಣೆ ಯಾವುದು, ಔಷಧದಿಂದ ಆದದ್ದು ಯಾವುದು ಎಂದು ಹೇಳುವುದು ಅದೊಂದೇ.

ಪ್ರಮಾಣ ಏರಿಸಿದಾಗಲೆಲ್ಲ ಸತ್ತವು ದುಂಡಗಾಗಿ ತೇಲುತ್ತಿದ್ದವು. ತಳಕ್ಕೆ ಕಚ್ಚಿಕೊಂಡು ಉಳಿದವು ಬೆರಳೆಣಿಕೆಯಷ್ಟು: ಅಗಲ, ಚಪ್ಪಟೆ, ವಾರಗಟ್ಟಲೆ ನಿಶ್ಚಲ. ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ಅವುಗಳ ನಡುವೆ ಪುಟ್ಟದೊಂದು ಗುಂಪು ಕಂಡಿತು. ವಿಭಜನೆ ಮತ್ತೆ ಶುರುವಾಗಿತ್ತು. ಸಂತೋಷವಾಯಿತು, ಜೊತೆಗೆ ಭಯವೂ ಆಯಿತು. ರೋಗಿಯ ಒಡಲಲ್ಲಿ ನಡೆಯುವುದೂ ಇದೇ ಅಲ್ಲವೇ?

ಹತ್ತನೇ ತಿಂಗಳಿಗೆ ನಿಜವಾದ ಪ್ರತಿರೋಧ ಸಿಕ್ಕಿತು. ನಾಲ್ಕು ವಾರ ಔಷಧವಿಲ್ಲದೆ ಬೆಳೆಸಿದರೂ ಅದು ಅಳಿಯಲಿಲ್ಲ. ಜೀವಕೋಶ ತಾನೇ ತಯಾರಿಸಿಕೊಳ್ಳುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಇವುಗಳಲ್ಲಿ ಹೆಚ್ಚಿತ್ತು. ಅದು ಸಿಸ್ಪ್ಲಾಟಿನ್ ಅನ್ನು ಡಿಎನ್‌ಎ ತಲುಪುವ ಮೊದಲೇ ಕಟ್ಟಿಹಾಕುತ್ತದೆ. ಅದರ ತಯಾರಿಕೆಯನ್ನು ತಡೆಯುವ ಬಿಎಸ್ಒ ಎಂಬ ರಾಸಾಯನಿಕವನ್ನು ಒಂದು ದಿನ ಮೊದಲೇ ಹಾಕಿ ಆಮೇಲೆ ಸಿಸ್ಪ್ಲಾಟಿನ್ ಕೊಟ್ಟಾಗ, ಬದುಕಿರುವ ಜೀವಕೋಶಗಳಿದ್ದಲ್ಲಿ ನೇರಳೆ ಬಣ್ಣ ಮೂಡಿಸುವ ಎಂಟಿಟಿ ಪರೀಕ್ಷೆಯ ತಟ್ಟೆಯಲ್ಲಿ ಗಾಢ ನೇರಳೆಯಾಗಿದ್ದ ಸಾಲುಗಳು ಬಿಳಿಚಿಕೊಂಡವು. ಪೂರ್ತಿಯಲ್ಲ, ಜೋಡಿ ಫ್ಲಾಸ್ಕಿನ ಮಟ್ಟಕ್ಕೆ ಅವು ಇಳಿಯಲಿಲ್ಲ. ಉಳಿದ ಪ್ರತಿರೋಧ ಬೇರೆ ಕಡೆಯಿಂದ ಬರುತ್ತಿದೆ. ಡಿಎನ್‌ಎ ದುರಸ್ತಿಯ ಮೇಲೆ ನನಗೆ ಗುಮಾನಿ. ಬಿಎಸ್ಒವನ್ನು ನೇರವಾಗಿ ರೋಗಿಗೆ ಕೊಡುವ ಮಾತೂ ಸುಲಭವಲ್ಲ, ಗ್ಲುಟಾಥಯೋನ್ ನಮ್ಮ ಆರೋಗ್ಯವಂತ ಅಂಗಗಳಿಗೂ ಬೇಕು.

ಈಗ ಮೂತ್ರಕೋಶದ ಕ್ಯಾನ್ಸರ್‌ನ 5637 ಎಂಬ ಇನ್ನೊಂದು ಸಂತತಿಯಲ್ಲಿ ಇದನ್ನೇ ಮಾಡುತ್ತಿದ್ದೇನೆ. ಮೂರನೇ ತಿಂಗಳು ನಡೆಯುತ್ತಿದೆ. ನಿನ್ನೆ ನೋಡಿದಾಗ ಹೆಚ್ಚಿನವು ತೇಲುತ್ತಿದ್ದವು.