ಹಳೆಯ ಡಾಲರ್ ನೋಟು: ಇಸವಿಗಿಂತ ಮೊದಲು ಕಾಗದ ನೋಡಿ

1929ಕ್ಕೆ ಮುಂಚಿನ ಅಮೆರಿಕದ ನೋಟುಗಳನ್ನು ಸಂಗ್ರಹಕಾರರು ‘ಲಾರ್ಜ್ ಸೈಜ್’ ಅನ್ನುತ್ತಾರೆ. ಅಳತೆ ಸುಮಾರು 187 x 79 ಮಿ.ಮೀ. (ಈಗಿನ ಡಾಲರ್ 156 x 66). ಕಾಡೆಮ್ಮೆ ಚಿತ್ರದ 1901ರ ಹತ್ತು ಡಾಲರ್ ನೋಟಿಗೆ ಎಲ್ಲರೂ ಮೊದಲು ಮನಸೋಲುತ್ತಾರೆ. ಅದನ್ನು ಆಮೇಲೆ ಕೊಳ್ಳಿ. ಕೈ ಪಳಗಲು ಹದ್ದಿನ ಚಿತ್ರದ 1899ರ ‘ಬ್ಲ್ಯಾಕ್ ಈಗಲ್’ ಅಥವಾ 1923ರ ಒಂದು ಡಾಲರ್ ಸಿಲ್ವರ್ ಸರ್ಟಿಫಿಕೇಟ್ (ಆಗ ಬೆಳ್ಳಿಗೆ ಬದಲಾಯಿಸಿಕೊಳ್ಳಬಹುದಾಗಿದ್ದ ನೋಟು) ಸಾಕು, ಇವು ಧಾರಾಳವಾಗಿ ಸಿಗುತ್ತವೆ.

ನೋಟಿನ ಮೇಲಿನ ಇಸವಿ ಸರಣಿಯದು, ಅಚ್ಚಾದ ವರ್ಷದ್ದಲ್ಲ. 1899ರ ನೋಟಿನಲ್ಲಿ ಸ್ಪೀಲ್‌ಮನ್–ವೈಟ್ ಎಂಬ ಖಜಾನೆ ಅಧಿಕಾರಿಗಳ ಸಹಿಯಿದ್ದರೆ ಅದು 1920ರ ದಶಕದ್ದು. ಒಂದೇ ಚಿತ್ರದ ಎರಡು ನೋಟುಗಳ ಬೆಲೆ ಸಹಿಯ ಜೋಡಿಯಿಂದಲೇ ಬೇರೆಯಾಗಬಹುದು. ಹಾಗಾಗಿ ಫ್ರೀಡ್‌ಬರ್ಗ್ ಸಂಖ್ಯೆ (ನೋಟಿನ ಬಗೆ, ಸಹಿಗಳನ್ನು ಗುರುತಿಸುವ ಕ್ಯಾಟಲಾಗ್ ಸಂಖ್ಯೆ) ಹೊಂದಿಸಿಕೊಳ್ಳದೆ ಚೌಕಾಸಿಗೆ ಇಳಿಯಬೇಡಿ. ಒಂದೊಂದು ಊರಿನ ಬ್ಯಾಂಕು ತನ್ನ ಹೆಸರಲ್ಲಿ ಹೊರಡಿಸಿದ ನ್ಯಾಷನಲ್ ಬ್ಯಾಂಕ್ ನೋಟುಗಳ ಲೆಕ್ಕವೇ ಬೇರೆ: ಅಲ್ಲಿ ಚಿತ್ರಕ್ಕಿಂತ ಬ್ಯಾಂಕು, ಊರು, ಚಾರ್ಟರ್ ಸಂಖ್ಯೆ (ಸರ್ಕಾರ ಆ ಬ್ಯಾಂಕಿಗೆ ಕೊಟ್ಟ ಪರವಾನಗಿ ಸಂಖ್ಯೆ) ಬೆಲೆ ಕಟ್ಟುತ್ತವೆ.

ಪರೀಕ್ಷೆಗೆ ಹತ್ತು ಪಟ್ಟಿನ ಭೂತಗನ್ನಡಿ, ಒಂದು ಟಾರ್ಚು, ಒಂದು ಅಳತೆಪಟ್ಟಿ ಬೇಕು. ಟಾರ್ಚನ್ನು ಪಕ್ಕದಿಂದ, ನೋಟಿಗೆ ತಾಗಿದಂತೆ ಹಿಡಿಯಿರಿ. ಕೊರೆದ ತಗಡಿನಿಂದ ಒತ್ತಿ ಅಚ್ಚು ಹಾಕಿದ ನೋಟಿನಲ್ಲಿ ಶಾಯಿ ಉಬ್ಬಿರುತ್ತದೆ, ಹಿಂಬದಿಯಲ್ಲೂ ಆ ಒತ್ತಿನ ಗುರುತು ಕಾಣುತ್ತದೆ. ಇಸ್ತ್ರಿ ಮಾಡಿದ ನೋಟು ಮೇಲ್ನೋಟಕ್ಕೆ ಗರಿಗರಿ, ಆದರೆ ಉಬ್ಬು ಚಪ್ಪಟೆ. ಮುರಿದ ಎಳೆಗಳಿಂದ ಮಡಿಕೆಯ ಗೆರೆ ಇನ್ನೂ ತಿಳಿಯುತ್ತದೆ. ತೊಳೆದದ್ದಾದರೆ ಕಾಗದ ಅತಿ ಬಿಳುಪು, ಮುದ್ರೆಯ ಬಣ್ಣ ಮಂಕು. ನೋಟನ್ನು ಬೆಳಕಿಗೆ ಎತ್ತಿ ಹಿಡಿದರೆ ಸೂಜಿತೂತು, ತೇಪೆ ಬಯಲಾಗುತ್ತವೆ. ಅಂಚು ಅಳೆಯುವುದನ್ನು ಮರೆಯಬೇಡಿ. ಹರಿದ ಅಂಚನ್ನು ಕತ್ತರಿಸಿ ನೇರ ಮಾಡಿ ಮಾರುವವರಿದ್ದಾರೆ.

ರೇಷ್ಮೆ ಎಳೆಯಿರುವ ನೋಟಾದರೆ ಆ ಎಳೆ ಕಾಗದದೊಳಗೆ ಹುದುಗಿರಬೇಕು, ಮೇಲೆ ಗೀಚಿದಂತಿರಬಾರದು. ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ನೋಟು ಹಪ್ಪಳದಂತೆ ಹಳದಿಯಾಗಿ ಚಟಚಟ ಅಂದರೆ ಬಹುಪಾಲು ಅದು ನೆನಪಿನ ಕಾಣಿಕೆಯಾಗಿ ಮಾರಿದ ನಕಲು.

ಬೆಲೆ ಹೆಚ್ಚಿದ್ದರೆ ನೋಟು ಪರೀಕ್ಷಿಸಿ ದರ್ಜೆ ಕೊಟ್ಟು ಕವಚದಲ್ಲಿಡುವ ಪಿಎಂಜಿ ಅಥವಾ ಪಿಸಿಜಿಎಸ್ ಕಂಪನಿ ದರ್ಜೆ ಕೊಟ್ಟ ನೋಟನ್ನೇ ಆರಿಸಿ. ದರ್ಜೆ 70ರವರೆಗೆ ಇದೆ. ಪಿಎಂಜಿಯ ‘ಇಪಿಕ್ಯೂ’ ಗುರುತು ಕಾಗದ ಸಹಜವಾಗಿದೆ, ತೊಳೆತ–ಒತ್ತುವಿಕೆ ಆಗಿಲ್ಲ ಎನ್ನುತ್ತದೆ. ಅಂಕಿಯಷ್ಟೇ ಅದಕ್ಕೂ ಬೆಲೆ. ಕವಚದ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ ಹೋಲಿಸಿ, ಕವಚವೂ ನಕಲಿಯಿರಬಹುದು.

ಮನೆಯಲ್ಲಿ ಪಿವಿಸಿ ಚೀಲ ಬೇಡ, ಅದರಿಂದ ಒಸರುವ ರಾಸಾಯನಿಕ ನೋಟನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಹಾಳೆಯ ಕವರು, ಕತ್ತಲೆಯ ಡ್ರಾಯರು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಹರಿದಿದ್ದರೆ ಹರಿದೇ ಇರಲಿ, ಟೇಪು ಮಾತ್ರ ಅಂಟಿಸಬೇಡಿ.