ಮೊದಲು ಬಿಗಿ, ಆಮೇಲೆ ಓರೆ

ಪೀಣ್ಯದ ಶೆಡ್ಡಿನಲ್ಲಿ ಮರದ ಕೋಣೆಗಳನ್ನು ಪೂರ್ತಿ ಜೋಡಿಸಿ, ರಾತ್ರಿ ಟ್ರೇಲರಿಗೆ ಏರಿಸಿ ನಿವೇಶನಕ್ಕೆ ಕಳುಹಿಸುವುದು ನಮ್ಮ ಕೆಲಸ. ಗೋಡೆ, ಚಾವಣಿ ಎಲ್ಲವೂ ಸಿಎಲ್‌ಟಿ, ಅಂದರೆ ಹಲಗೆಗಳನ್ನು ಪದರ ಪದರವಾಗಿ ಅಡ್ಡಕ್ಕೂ ಉದ್ದಕ್ಕೂ ಅಂಟಿಸಿದ ದಪ್ಪ ಪ್ಯಾನೆಲ್. ಇವನ್ನು ಹಿಡಿದಿಡುವುದು ಸ್ಕ್ರೂ. ಹೊಸದಾಗಿ ಬರುವ ಬಡಗಿಗಳಿಗೆ ನಾನು ಮೊದಲು ಹೇಳಿಕೊಡುವುದು ಸ್ಕ್ರೂಗಳಲ್ಲಿ ಎರಡು ಜಾತಿ ಎಂಬುದನ್ನು.

ತುದಿಯಲ್ಲಷ್ಟೇ ಥ್ರೆಡ್ ಇರುವ ಸ್ಕ್ರೂ ಮೇಲಿನ ಪ್ಯಾನೆಲನ್ನು ಕೆಳಗಿನದಕ್ಕೆ ಎಳೆದು ಕೂರಿಸುತ್ತದೆ. ಉದ್ದಕ್ಕೂ ಥ್ರೆಡ್ ಇರುವುದು ಎರಡನ್ನೂ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ನಡುವೆ 3 ಮಿ.ಮೀ. ಸಂದು ಇದ್ದರೆ ಅದು ಹಾಗೆಯೇ ಉಳಿದುಬಿಡುತ್ತದೆ. ಹೀಗಾಗಿ ಮೊದಲು ಕ್ಲಾಂಪ್ ಹಾಕಿ, ಅರ್ಧ ಥ್ರೆಡ್ಡಿನ ಸ್ಕ್ರೂಗಳಿಂದ ಸಂದು ಮುಚ್ಚುತ್ತೇನೆ. ತೆಳುವಾದ ತಗಡಿನ ಪಟ್ಟಿ ಎಲ್ಲಿಯೂ ತೂರದಿದ್ದರೆ ಮಾತ್ರ ಮುಂದಿನ ಕೆಲಸ.

ಪೂರ್ಣ ಥ್ರೆಡ್ಡಿನದನ್ನು 45 ಡಿಗ್ರಿ ಓರೆಯಾಗಿ ಇಳಿಸುತ್ತೇನೆ. ನೆಟ್ಟಗಿರುವ ಸ್ಕ್ರೂ, ಪ್ಯಾನೆಲ್ ಜಾರಲು ಹೊರಟಾಗ ಬಾಗಿ ಸುತ್ತಲಿನ ಮರವನ್ನು ಜಜ್ಜುತ್ತದೆ. ಓರೆಯಾಗಿದ್ದರೆ ಅದೇ ಬಲ ಸ್ಕ್ರೂವಿನ ಉದ್ದಕ್ಕೆ ಸೆಳೆತವಾಗಿ ಹರಿಯುತ್ತದೆ, ಜೋಡಣೆ ಅಲುಗುವುದು ಬಹಳ ಕಡಿಮೆ. ಆದರೆ ಈ ಲಾಭ ಒಂದೇ ದಿಕ್ಕಿಗೆ. ಗಾಳಿ ಎರಡೂ ಕಡೆಯಿಂದ ಬೀಸುವುದರಿಂದ ಕತ್ತರಿಯ ಅಲಗುಗಳಂತೆ ಎದುರುಬದುರಾಗಿ ಜೋಡಿ ಹಾಕಲೇಬೇಕು. ಕೋನವನ್ನು ಕಣ್ಣಂದಾಜಿಗೆ ಬಿಡುವುದಿಲ್ಲ. ಮರದ ತುಂಡಿಗೆ ಓರೆ ರಂಧ್ರ ಕೊರೆದು ಮಾಡಿದ ಅಚ್ಚು ಪ್ರತಿಯೊಬ್ಬರ ಚೀಲದಲ್ಲೂ ಇದೆ.

ಪ್ಯಾನೆಲಿನ ಮುಖಕ್ಕೆ 8 ಮಿ.ಮೀ. ಸ್ಕ್ರೂ ಹಾಕುವಾಗ ಭಾರ ಬೀಳುವ ಅಂಚಿನಿಂದ ವ್ಯಾಸದ ಆರು ಪಟ್ಟು, ಅಂದರೆ 48 ಮಿ.ಮೀ. ಬಿಡುತ್ತೇವೆ. ಪಕ್ಕೆಗೆ, ಅಂದರೆ ಪದರಗಳು ಕಾಣುವ ಬದಿಗೆ, ಹಾಕುವುದು ಇದಕ್ಕಿಂತ ಸೂಕ್ಷ್ಮ. ಹಲಗೆಗಳ ನಡುವಿನ ಸಂದಿಗೇ ಹೊಕ್ಕ ಸ್ಕ್ರೂ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಹಿಡಿತವಿರುವುದಿಲ್ಲ. ಡ್ರಿಲ್ ತೀರ ಸಲೀಸಾಗಿ ಓಡಿ, ಅದರ ಸದ್ದು ಭಾರವಾಗದಿದ್ದರೆ ಆ ಸ್ಕ್ರೂ ತೆಗೆಸಿ ಬೇರೆ ಕಡೆ ಹಾಕಿಸುತ್ತೇನೆ.

ಇಂಪ್ಯಾಕ್ಟ್ ಡ್ರೈವರನ್ನು ಈ ಕೆಲಸದ ಹತ್ತಿರ ಸುಳಿಯಗೊಡುವುದಿಲ್ಲ. ಏಟಿನ ಮೇಲೆ ಏಟು ಬಿದ್ದರೆ ಗಡಸು ಉಕ್ಕಿನ ಸ್ಕ್ರೂ ಕತ್ತರಿಸಿಹೋಗಬಹುದು. ನಿಧಾನದ ಡ್ರಿಲ್ಲಿನಲ್ಲಿ, ನಡುವೆ ನಿಲ್ಲಿಸದೆ ಇಳಿಸಬೇಕು. ನಿಂತ ಸ್ಕ್ರೂವನ್ನು ಮತ್ತೆ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ, ತುಂಡಾಗುವ ಅಪಾಯ ಆಗಲೇ ಜಾಸ್ತಿ.

ಕೋಣೆಗೆ ಕೋಣೆ ಸೇರಿಸುವ ಸ್ಕ್ರೂಗಳು ನಿವೇಶನದಲ್ಲಿ ಒಳಗಿನಿಂದಲೇ ಕೈಗೆಟುಕುವಂತೆ ಜಾಗ ಬಿಟ್ಟಿರುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಮೊದಲು ಹೊರಬರುವುದು ತೇವಾಂಶ ಮಾಪಕ. ನೀರು ಕುಡಿದ ಪ್ಯಾನೆಲ್ ದಪ್ಪವಾಗುತ್ತದೆ, ಒಣಗಿದಾಗ ಕುಗ್ಗಿ ಬಿಗಿ ಸಡಿಲುತ್ತದೆ. ಪಕ್ಕೆ ನೆನೆದಿದ್ದರೆ ಅಂದು ಸ್ಕ್ರೂ ಇಲ್ಲ. ಕ್ರೇನಿನ ಬಾಡಿಗೆ ಏರಿದರೂ ಸರಿ, ಟಾರ್ಪಾಲಿನ್ ಹೊದಿಸಿ ಮರ ಒಣಗುವವರೆಗೆ ಕಾಯುತ್ತೇವೆ.