ನೆಂಟರನ್ನು ಹೈದರನ ಸಿಪಾಯಿಗಳನ್ನಾಗಿ ಮಾಡಿ

ಭಾನುವಾರ ಜೆರಾಕ್ಸ್ ಅಂಗಡಿಗೆ ಬೀಗ ಹಾಕಿ ಚಿತ್ರದುರ್ಗದ ಕೋಟೆಗೆ ಜನರನ್ನು ಕರೆದೊಯ್ಯುತ್ತೇನೆ. ಮೊದಲ ಸಲ ಅಕ್ಕನ ಮಕ್ಕಳಿಗೆ ನಾಯಕರ ವಂಶಾವಳಿಯನ್ನೆಲ್ಲ ಒಪ್ಪಿಸಿದ್ದೆ. ಎರಡನೆಯ ಬಾಗಿಲು ದಾಟುವಷ್ಟರಲ್ಲಿ ಅವರು ಕೋತಿಗಳಿಗೆ ಹೆಸರಿಡುತ್ತಿದ್ದರು. ಅಂದಿನಿಂದ ಬಂದವರನ್ನೆಲ್ಲ ಹೈದರಾಲಿಯ ಸಿಪಾಯಿಗಳನ್ನಾಗಿ ಮಾಡಿಯೇ ಹತ್ತಿಸುತ್ತೇನೆ. ನೀವೂ ಹಾಗೆಯೇ ಮಾಡಿ.

ಬಿಸಿಲೇರುವ ಮುಂಚೆ ಪೇಟೆಯ ರಂಗಯ್ಯನ ಬಾಗಿಲಿನಿಂದ ಹೊರಡಿ. ಏಳು ಸುತ್ತಿನ ಕೋಟೆಯ ಹೊರಸುತ್ತು ಊರೊಳಗೇ ಇದೆಯೆಂಬುದು ಹಲವರಿಗೆ ಗೊತ್ತಿರುವುದಿಲ್ಲ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಅರ್ಧ ಗಂಟೆ ಸಾಕು.

ಮೇಲಿನ ಕೋಟೆಯ ಬಾಗಿಲಲ್ಲಿ ಮಾತ್ರ ಅವಸರ ಬೇಡ. 'ಓಡಿ ನುಗ್ಗಿ' ಎನ್ನಿ. ನಾಲ್ಕು ಹೆಜ್ಜೆಗೆ ದಾರಿ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಬಾಗಿಲು ಗುದ್ದಲು ಆನೆಗೆ ಓಟ ಬೇಕು. ಇಲ್ಲಿ ಓಡಲು ಜಾಗವೇ ಇಲ್ಲ. ತಿರುವಿನಲ್ಲಿ ಎಲ್ಲರನ್ನೂ ನಿಲ್ಲಿಸಿ ತಲೆ ಎತ್ತಿಸಿ. ಸುತ್ತ ಗೋಡೆ, ಮೇಲೆ ಸಾಲು ಕಿಂಡಿಗಳು. ಒಂದು ಕಿಂಡಿಗೆ ಕಣ್ಣಿಟ್ಟರೆ ದೂರದ ದಾರಿ ಕಾಣುತ್ತದೆ, ಇನ್ನೊಂದಕ್ಕೆ ಇಟ್ಟರೆ ಗೋಡೆಯ ಬುಡ. 'ನೀವೆಲ್ಲ ಸತ್ತಿರಿ' ಎಂದುಬಿಡುತ್ತೇನೆ. ಅಲ್ಲಿಂದ ಮುಂದೆ ಪ್ರತಿ ಬುರುಜಿನಲ್ಲೂ ಕಿಂಡಿ ಹುಡುಕುವ ಕೆಲಸ ಅವರದೇ.

ಸಿಡಿಮದ್ದು ಬೀಸುವ ಕಲ್ಲುಗಳನ್ನು ಬಿಟ್ಟು ಹೋಗಬೇಡಿ. ಗುಂಡಿಯೊಳಗೆ ನಾಲ್ಕು ದೈತ್ಯ ಕಲ್ಲುಗಳಿವೆ. ಆನೆ ಕಟ್ಟಿ ತಿರುಗಿಸುತ್ತಿದ್ದರು ಎನ್ನುತ್ತಾರೆ. ಕೋಟೆಯೆಂದರೆ ಬಿಲ್ಲುಬಾಣ ಎಂದುಕೊಂಡ ಮಕ್ಕಳು ಇಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಓಬವ್ವನ ಕಿಂಡಿಯಲ್ಲಿ ಕಥೆ ಆಮೇಲೆ ಹೇಳಿ. ಮೊದಲು ಗಟ್ಟಿ ಆಳೊಬ್ಬನನ್ನು ಅದರೊಳಗಿಂದ ಬರಲು ಹೇಳಿ, ಉಳಿದವರು ಈಚೆ ನಿಲ್ಲಲಿ. ತಲೆ ಹೊರಬರುತ್ತದೆ, ಕೈಗಳು ಇನ್ನೂ ಕಲ್ಲಿನ ಸಂದಿನಲ್ಲೇ ಇರುತ್ತವೆ. ಒನಕೆ ಏಕೆ ಸಾಕಾಯಿತೆಂದು ವಿವರಿಸುವ ಕಷ್ಟ ನಿಮಗಿಲ್ಲ.

ಇಸವಿಗಳನ್ನು ಅರಮನೆಯ ಮಣ್ಣಿನ ಗೋಡೆಗಳ ನೆರಳಿನವರೆಗೂ ಕಟ್ಟಿಟ್ಟುಕೊಳ್ಳಿ. 1779ರಲ್ಲಿ ದುರ್ಗ ಹೈದರನ ವಶವಾಯಿತು, ಮದಕರಿ ನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ಪಡೆ ಬಂದು ಇಲ್ಲಿ ಕೆಲಕಾಲ ಬೀಡುಬಿಟ್ಟಿತು. ನಾಲಿಗೆ ಹೊರಳದೆ ಅವರು ಊರನ್ನು 'ಚಿತಲ್‌ಡ್ರೂಗ್' ಮಾಡಿದರು. ಇದನ್ನು ಮಕ್ಕಳಿಂದ ಹತ್ತು ಸಲ ಕೂಗಿಸಿ, ಬಂಡೆಗಳು ಮಾರ್ನುಡಿಯುತ್ತವೆ.

ಇಳಿಯುವಾಗ ಸವೆದ ಮೆಟ್ಟಿಲುಗಳ ಮೇಲೆ ಪಾದ ಅಡ್ಡಡ್ಡ ಇಡಲು ಹೇಳಿ. ತಿಂಡಿ ಪೊಟ್ಟಣ ಚೀಲದೊಳಗಿರಲಿ. ಕೈಯಲ್ಲಿ ಕಂಡರೆ ಕೋತಿಗಳು ಬಿಡುವುದಿಲ್ಲ.